ಏನೂ ಆಗಲ್ಲ, ಬನ್ನಿ

ಚೇಂಬರಿನ ಬೋಲ್ಟುಗಳಲ್ಲಿ ಕೊನೆಯದೊಂದು ಬಾಕಿಯಿತ್ತು. ಗೋವಿಂದರಾಜು ಅದಕ್ಕೆ ಸ್ಪ್ಯಾನರ್ ಕೊಟ್ಟು, ತಿರುಗಿಸದೆ, ಕಾರಿನ ಕೆಳಗೆ ಅಂಗಾತ ಮಲಗೇ ಇದ್ದ. ಎಂಜಿನ್ನಿನ ತಳಕ್ಕೆ ಅಂಟಿಕೊಂಡು ಎಣ್ಣೆಯನ್ನೆಲ್ಲ ಹೊತ್ತಿರುವ ಈ ತಗಡಿನ ಬಾಣಲೆಯನ್ನು ತನ್ನ ಆಯುಷ್ಯದಲ್ಲಿ ಅವನು ಎಷ್ಟು ಸಲ ಇಳಿಸಿದ್ದನೋ ಲೆಕ್ಕವಿಲ್ಲ. ಇವತ್ತು ಮಾತ್ರ ಅದನ್ನು ತೆಗೆಯಲು ಮನಸ್ಸು ಬರುತ್ತಿರಲಿಲ್ಲ. ತುಮಕೂರಿನ ಗುಬ್ಬಿ ಗೇಟಿನ ಕಡೆಯಿಂದ ಬಿಸಿಲು ಓರೆಯಾಗಿ ಗ್ಯಾರೇಜಿನೊಳಕ್ಕೆ ಬಂದು ಅವನ ಪಾದಗಳ ಮೇಲೆ ಬಿದ್ದಿತ್ತು. ರಸ್ತೆಯಲ್ಲಿ ಹೋಗುವವರಿಗೆ ಆ ಪಾದಗಳನ್ನು ಬಿಟ್ಟರೆ ಇವನದು ಬೇರೇನೂ ಕಾಣುವುದಿಲ್ಲ, ಅದೊಂದು ಸಮಾಧಾನ. ಐವತ್ತು ದಾಟಿದ ಮೈ, ಮಲಗಿದರೆ ಸೊಂಟ ಹಿಡಿಯುತ್ತದೆ, ಎದ್ದರೆ ಕುತ್ತಿಗೆ ಹಿಡಿಯುತ್ತದೆ. ಆದರೂ ಇಲ್ಲಿಗೆ ಬಂದು ಯಾರೂ ಮುಖ ನೋಡುವುದಿಲ್ಲ ಎಂಬುದಕ್ಕಾಗಿಯೇ ನಿನ್ನೆಯಿಂದ ಬೇಕೆಂತಲೇ ಹೆಚ್ಚು ಹೊತ್ತು ಕಾರುಗಳ ಕೆಳಗೆ ಇರುತ್ತಿದ್ದ. ಅಲ್ಲಿಗೂ ಆ ಮಾತು ಹುಡುಕಿಕೊಂಡು ಬಂತು. ತನ್ನದೇ ಗಂಟಲು, ತನ್ನದೇ ಗತ್ತು: ಏನೂ ಆಗಲ್ಲ ಮೇಡಂ, ಬನ್ನಿ.

ಮೊನ್ನೆ ಅಮೃತೂರಿನಲ್ಲಿ ಅಕ್ಕನ ಮಗಳ ಮದುವೆಯ ಬೀಗರೂಟ. ಹೆಂಡತಿ ಸುಧಾ ಇಸ್ತ್ರಿ ಮಾಡಿ ಕೊಟ್ಟ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದ. ಕಾಲು ತೊಳೆಯುವುದಕ್ಕೂ ಬಿಡದೆ ಭಾವ ಅವನ ರಟ್ಟೆ ಹಿಡಿದು ತೆಂಗಿನ ತೋಟದ ಬದಿಗೆ ಕರೆದುಕೊಂಡು ಹೋಗಿ, ಗಂಡಿನ ಕಡೆಯವರ ಕಾರಿನ ಮುಂದೆ ನಿಲ್ಲಿಸಿ, “ನಮ್ ಗೋವಿಂದ ಮೆಕ್ಯಾನಿಕ್ಕು, ಒಂಚೂರ್ ನೋಡ್ತಾನೆ ಬುಡಿ” ಅಂದಿದ್ದರು. ನೋಡಿದ. ನೋಡದೆ ಏನು ಮಾಡುತ್ತಾನೆ? ಬೀಗರ ಕಾರು. ನೋಡುವಷ್ಟರಲ್ಲಿ ಅಂಗಿಯ ತೋಳಿಗೆ ಗ್ರೀಸು ಹತ್ತಿತು, ಮೊದಲನೇ ಪಂಕ್ತಿ ಮುಗಿದೂ ಹೋಯಿತು. ತೋಳು ಮಡಚಿ ಕಲೆ ಮುಚ್ಚಿಕೊಂಡು ಎರಡನೇ ಪಂಕ್ತಿಯಲ್ಲಿ ಕೂತಾಗ ಪಕ್ಕದ ಎಲೆಗೆ ಬಂದವರು ಬೀಗರ ಕಡೆಯ ಹಿರಿಯ ಕರಿಸಿದ್ದಪ್ಪ. ದೊಡ್ಡ ಮೀಸೆ, ಭುಜದ ಮೇಲೆ ಜರಿಯಂಚಿನ ಟವಲು, ಮಾತಿಗೆ ಮುಂಚೆ ನಗು. ಮುದ್ದೆ ಮುರಿದು ಸಾರಿಗೆ ಅದ್ದಿದ್ದ, ಅಷ್ಟರಲ್ಲಿ ಎಡಗಡೆ ಜೇಬಿನಲ್ಲಿ ಫೋನು ಗುರುಗುಟ್ಟಿತು. ಎಡಗೈಯಲ್ಲಿ ಎಳೆದು ಕಿವಿಗಿಟ್ಟ. ಸ್ವರ್ಣಲತಾ ಮೇಡಂ, ಗ್ಯಾರೇಜಿನ ಗಿರಾಕಿ. “ಗೋವಿಂದಣ್ಣ, ಕೆಂಪು ದೀಪ ಬಂತು. ಎಣ್ಣೆ ಗಿಂಡಿ ಚಿತ್ರ ಇರೋದು. ನೀವ್ ಹೇಳಿದ್ದ ಹಾಗೇ ಸೈಡಿಗೆ ನಿಲ್ಸಿ ಆಫ್ ಮಾಡಿದೀನಿ. ನಿಟ್ಟೂರು ಬಿಟ್ಟು ಸ್ವಲ್ಪ ಮುಂದೆ ಇದೀನಿ.” ಗೋವಿಂದರಾಜು ಏಳಲು ಹೊರಟವನ ಹಾಗೆ ಮಂಡಿ ಸರಿಸಿದ. ಕರಿಸಿದ್ದಪ್ಪ ಅವನ ತೊಡೆಯ ಮೇಲೆ ಕೈಯಿಟ್ಟು, “ಎಲೆ ಮುಂದೆ ಕುಂತ್ಮೇಲೆ ಏಳ್ಬಾರ್ದು ಕಣಪ್ಪ, ಅನ್ನಕ್ಕೆ ಮರ್ಯಾದೆ ಕೊಡ್ಬೇಕು” ಅಂದರು. ಪಂಕ್ತಿಯಲ್ಲಿದ್ದ ನಾಲ್ಕು ಮುಖಗಳು ಇವನ ಕಡೆ ತಿರುಗಿದವು. ಅಲ್ಲೇ ನಿಂತಿರಿ ಎಂದರೆ ಯಾರನ್ನಾದರೂ ಕಳಿಸಬೇಕು, ಇಲ್ಲ ತಾನೇ ಹೋಗಬೇಕು; ಒಬ್ಬ ಹೆಂಗಸನ್ನು ರಸ್ತೆ ಬದಿಯಲ್ಲಿ ಎಷ್ಟು ಹೊತ್ತು ನಿಲ್ಲಿಸುವುದು? ಎಲೆ ಬಿಟ್ಟು ಎದ್ದರೆ, ನೋಡಿದಿರಾ, ಯಾರು ಕರೆದರೂ ಓಡುವ ಮೆಕ್ಯಾನಿಕ್ಕು ಅನ್ನುತ್ತಾರೆ. ಅವನ ಬಾಯಲ್ಲಿ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಮಾತು ಬಂತು: “ಅದು ಸೆನ್ಸರ್ ಇರ್ಬೇಕು ಮೇಡಂ, ಸುಮ್‌ಸುಮ್ನೆ ಹತ್ಕೊಳುತ್ತೆ. ನಿಧಾನಕ್ಕೆ ಓಡಿಸ್ಕೊಂಡ್ ಬನ್ನಿ. ಏನೂ ಆಗಲ್ಲ ಮೇಡಂ, ಬನ್ನಿ.” ಕರಿಸಿದ್ದಪ್ಪ ತಲೆದೂಗಿ, “ಕುಂತ್ ಜಾಗ್ದಲ್ಲೇ ರಿಪೇರಿ ಮಾಡ್ಬುಟ್ಯಲ್ಲಯ್ಯ!” ಎಂದು ನಕ್ಕರು. ಪಂಕ್ತಿಯೆಲ್ಲ ನಕ್ಕಿತು. ಗೋವಿಂದರಾಜು ಕೂಡ ನಕ್ಕ. ಹೇಳಿಕೊಳ್ಳಲು ನಾಚಿಕೆಯಾದರೂ ನಿಜ ಏನೆಂದರೆ ಆ ಗಳಿಗೆ ಅವನಿಗೆ ಹಿತವಾಗಿತ್ತು. ಸಾರು ಇನ್ನೊಂದು ಸೌಟು ಹಾಕಿಸಿಕೊಂಡ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆಯನ್ನು ಹೇಳಿಕೊಡುವ ಕೆಲಸ ಆ ಮೇಡಮ್ಮಿನದು, ನಿಟ್ಟೂರಿನ ಶಾಲೆಯಲ್ಲಿ. ಎಷ್ಟೋ ವರ್ಷ ತುಮಕೂರಿನಿಂದ ನಿಟ್ಟೂರಿಗೆ ಬಸ್ಸು ಹತ್ತಿ ಇಳಿದು ಸಾಕಾದವರು. ಬಸ್ಸಿನವನು ಗುಬ್ಬಿಯಲ್ಲಿ ಜನ ತುಂಬುವ ತನಕ ಕದಲುವುದಿಲ್ಲ, ಹೆಡ್‌ಮೇಷ್ಟ್ರು ಗಡಿಯಾರ ನೋಡಿ ನಗುವುದನ್ನು ನಿಲ್ಲಿಸುವುದಿಲ್ಲ. ನಲವತ್ತೈದರ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಹುಡುಗಿಯರ ಮಧ್ಯೆ ಸಾಲಲ್ಲಿ ನಿಂತು ಲೈಸೆನ್ಸು ತೆಗೆದುಕೊಂಡು, ಈ ಹಳೆಯ ಬಿಳಿ ಕಾರು ಕೊಂಡಿದ್ದರು. ಕೊಳ್ಳುವ ಮುಂಚೆ ಅದನ್ನು ಇವನ ಹತ್ತಿರವೇ ತಂದು ತೋರಿಸಿದ್ದರು. ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಕಾರು ಬಿಡಲು ಬಂದಾಗಲೆಲ್ಲ ಒಂದು ಸಣ್ಣ ಗೀಚು ಬಿದ್ದಿದ್ದರೂ “ಇದನ್ನ ಮೊದ್ಲು ಸರಿಮಾಡಿ ಗೋವಿಂದಣ್ಣ, ಮನೇಲಿ ನೋಡೋದ್ರೊಳಗೆ” ಎನ್ನುತ್ತಿದ್ದ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಡ್ಯಾಶ್‌ಬೋರ್ಡಿನ ದೀಪಗಳನ್ನೆಲ್ಲ ತೋರಿಸಿ ಅವನೇ ಪಾಠ ಮಾಡಿದ್ದ. ಹಳದಿ ಬಂದರೆ ಗ್ಯಾರೇಜಿಗೆ ಬನ್ನಿ, ಕೆಂಪು ಬಂದರೆ ಬರಬೇಡಿ, ಇದ್ದಲ್ಲೇ ನಿಲ್ಲಿಸಿ. ಎಣ್ಣೆ ಮೇಲಕ್ಕೆ ಹತ್ತುತ್ತಿಲ್ಲ ಅಂತ ಅರ್ಥ. ಎಣ್ಣೆ ಎಷ್ಟಿದ್ದರೇನು, ಪಂಪು ಎತ್ತಿ ಮೇಲೆ ಕಳಿಸಬೇಕಲ್ಲ. ಮೇಡಂ ಅದನ್ನು ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ತಿರುಗಿ ಒಪ್ಪಿಸಿದ್ದರು. ಒಪ್ಪಿಸಿದ್ದನ್ನೇ ಮೊನ್ನೆ ರಸ್ತೆಯಲ್ಲಿ ಮಾಡಿಯೂ ತೋರಿಸಿದ್ದರು. ಪಾಠ ತಪ್ಪಿದ್ದು ಮೇಷ್ಟ್ರು.

ಆಮೇಲೆ ನಡೆದದ್ದು ಅವನಿಗೆ ಮೇಡಮ್ಮಿನ ಮಾತಿನಿಂದಲೇ ತುಣುಕು ತುಣುಕಾಗಿ ತಿಳಿದಿತ್ತು. ಮತ್ತೆ ಸ್ಟಾರ್ಟ್ ಮಾಡಿದಾಗ ದೀಪ ಆರಿತಂತೆ. ಸೆನ್ಸರ್ರೇ ಇರಬೇಕು ಎಂದುಕೊಂಡು ಹೊರಟರಂತೆ. ಗುಬ್ಬಿ ದಾಟಿದ ಮೇಲೆ ಪುನಃ ಹತ್ತಿತು. ಗೋವಿಂದಣ್ಣ ಹೇಳಿದ್ದಾರಲ್ಲ ಎಂದು ಬಂದರು. ಹೆಗ್ಗೆರೆಯ ಹತ್ತಿರ ಎಂಜಿನ್ನಿನಲ್ಲಿ ಟಕಟಕ ಶುರುವಾಯಿತು. ಆಗ ಮಾತ್ರ ಅವರು ಯಾರಿಗೂ ಫೋನು ಮಾಡಲಿಲ್ಲ, ಯಾರನ್ನೂ ಕೇಳಲಿಲ್ಲ; ಕೀ ತಿರುಗಿಸಿ ಆಫ್ ಮಾಡಿ, ಕಾರು ತಾನಾಗಿ ಉರುಳಿ ಎಲ್ಲಿ ನಿಂತಿತೋ ಅಲ್ಲಿ ಇಳಿದುಬಿಟ್ಟರು. ಆಮೇಲೆ ಗಂಡನಿಗೆ ತಿಳಿಸಿದರು. ಭಾನುಪ್ರಕಾಶ್ ಬ್ಯಾಂಕಿನಿಂದ ಹಾಗೇ ಸ್ಕೂಟರಿನಲ್ಲಿ ಬಂದು, ಕಾರನ್ನು ಎಳೆಸಿ ಇಲ್ಲಿ ತಂದು ಬಿಡಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದರು. ಗೋವಿಂದರಾಜು ಅಮೃತೂರಿನಿಂದ ವಾಪಸು ಬಂದಾಗ ಶಟರಿನ ಮುಂದೆ ಕಾರು ನಿಂತಿತ್ತು, ಮುಖ ಗೋಡೆಯ ಕಡೆಗೆ.

ಇವತ್ತು ಬೆಳಿಗ್ಗೆ ಅವನು ಬಾಗಿಲು ತೆಗೆಯುವ ಹೊತ್ತಿಗೇ ಭಾನುಪ್ರಕಾಶ್ ಫೋನು ಮಾಡಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಏರು ದನಿ ಇಲ್ಲ, ಬೈಗುಳ ಇಲ್ಲ. ಬಹುವಚನ ಬಿಟ್ಟು ಮಾತಾಡುವುದಿಲ್ಲ. ಅದೇ ಕಷ್ಟ. “ಗೋವಿಂದರಾಜು ಅವರೇ, ಕೆಂಪು ಲೈಟ್ ಉರೀತಿದ್ರೂ ಗುಬ್ಬಿಯಿಂದ ಹೆಗ್ಗೆರೇತನಕ ಓಡಿಸ್ಕೊಂಡ್ ಬಂದಿದಾಳೆ. ಕೇಳಿದ್ರೆ ಮಾತಿಲ್ಲ ಕತೆಯಿಲ್ಲ. ಇದು ಡ್ರೈವಿಂಗ್ ತಪ್ಪಿಂದಾನೇ ಆಗಿರೋದು ತಾನೇ?” ಗೋವಿಂದರಾಜು “ಹೂಂ ಸಾರ್, ಬಿಚ್ಚಿ ನೋಡ್ಬೇಕು” ಅಂದ. “ಅದೇ, ನಾನೂ ಹೇಳಿದ್ದು ಅದನ್ನೇ. ರೆಡಿ ಮಾಡ್ಬಿಡಿ, ಕೊಟ್ಟುಬಿಡೋಣ. ಕುಣಿಗಲ್ಲಲ್ಲಿ ಒಬ್ರು ಕೇಳ್ತಿದ್ರು. ಅವಳಿಗೆ ಬಸ್ಸೇ ಸರಿ.” ಫೋನು ಇಟ್ಟ ಮೇಲೆ ಅವನಿಗೆ ಹೊಳೆದದ್ದು, ತನ್ನ ಮಾತಿನಲ್ಲಿ ‘ಬಿಚ್ಚಿ ನೋಡ್ಬೇಕು’ ಎಂಬುದು ಅವರ ಕಿವಿಗೆ ಬಿದ್ದಿಲ್ಲ, ‘ಹೂಂ’ ಮಾತ್ರ ಬಿದ್ದಿದೆ. ಅಷ್ಟು ಸಣ್ಣ ಹೂಂ. ಗಿರಾಕಿಗಳ ಮಾತಿಗೆ ಅಭ್ಯಾಸಬಲದಿಂದ ಬೀಳುವ ಹೂಂ. ಮೇಡಂ ಯಾಕೆ ಬಾಯಿಬಿಟ್ಟಿಲ್ಲ ಎಂಬುದು ಅವನಿಗೆ ಆಗಲೇ ಅರ್ಥವಾಗಿತ್ತು. ಹೋದ ಸಲ ಪಂಕ್ಚರ್ ಆದಾಗ ಮೊದಲು ಗಂಡನಿಗೆ ಫೋನು ಮಾಡಿ, ಅವರು ಬಂದು ಟೈರು ಬದಲಾಯಿಸಿ, ಆ ಉಪಕಾರವನ್ನು ಊಟದ ತಟ್ಟೆಯ ತನಕ ನೆನಪಿಸಿದ್ದರಂತೆ. ಅದನ್ನು ಮೇಡಂ ನಗುತ್ತಲೇ ಹೇಳಿದ್ದರು. ಈಗ ಗೋವಿಂದಣ್ಣ ಬರಹೇಳಿದರು ಎಂದರೆ, ನನಗಿಂತ ಮೊದಲು ಅವನಿಗೆ ಯಾಕೆ ಮಾಡಿದೆ ಎಂಬ ಪ್ರಶ್ನೆ ಬರುತ್ತದೆ. ದೀಪದ ತಪ್ಪಾದರೆ ಕಾರು ಹೋಗುತ್ತದೆ, ಫೋನಿನ ತಪ್ಪಾದರೆ ಏನೇನು ಹೋಗುತ್ತದೋ. ಅವರು ಕಾರನ್ನು ಕೊಡಲು ಒಪ್ಪಿಕೊಂಡು ಸುಮ್ಮನಾಗಿದ್ದಾರೆ. ಇವನ ಹೆಸರೂ ಅದರಿಂದ ಕೆಡದೆ ಉಳಿದುಕೊಂಡಿದೆ. ಹೆಂಗಸೊಬ್ಬಳ ಮೌನದ ಮರೆಯಲ್ಲಿ ತಾನು ಬಚಾವಾಗಿ ಕೂತಿದ್ದೇನೆ ಎಂದು ಅನಿಸಿದಾಗ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಬೋಲ್ಟು ತಿರುಗಿಸಿದ. ಚೇಂಬರು ತಕ್ಷಣ ಬೀಳಲಿಲ್ಲ, ಎಣ್ಣೆ ಸೋರದಂತೆ ಹಚ್ಚುವ ಪೇಸ್ಟಿನ ಹಿಡಿತದಲ್ಲಿ ಅಂಟಿಕೊಂಡೇ ಇತ್ತು. ಅಂಚಿಗೆ ಚಪ್ಪಟೆ ಉಳಿ ಕೊಟ್ಟು ಮೆಲ್ಲಗೆ ಎಬ್ಬಿಸಬೇಕಾಯಿತು. ಇಳಿಸಿ ಎದೆಯ ಮೇಲಿಟ್ಟುಕೊಂಡು ಮೇಲೆ ನೋಡಿದ. ಪಂಪು ಎಣ್ಣೆ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ, ಮನೆಯಲ್ಲಿ ಟೀ ಸೋಸುವಷ್ಟೇ ಅಗಲದ್ದು. ಅದು ಕಾಣಿಸಲಿಲ್ಲ. ಜಾಲರಿಯ ಜಾಗದಲ್ಲಿ ಬೂದು ಬಣ್ಣದ ಶಾವಿಗೆಯಂಥದ್ದು ಮುದ್ದೆಗಟ್ಟಿ ಕೂತಿತ್ತು. ಬೆರಳಲ್ಲಿ ಒಂದೆಳೆ ಕಿತ್ತ. ರಬ್ಬರಿನ ಹಾಗೆ ಎಳೆದುಕೊಂಡು ಬಂತು. ಗ್ಯಾಸ್ಕೆಟ್ ಪೇಸ್ಟು. ಚೇಂಬರಿನ ಒಳ ಅಂಚಿನಲ್ಲಿ ಇನ್ನೂ ಅಷ್ಟು ಉದ್ದಕ್ಕೆ ಉಬ್ಬಿಕೊಂಡು ನೇತಾಡುತ್ತಿತ್ತು. ಯಾರು ಹಚ್ಚಿದ್ದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಈ ಕಾರಿನ ಚೇಂಬರಿಗೆ ಕೈ ಹಾಕಿದ ಮೆಕ್ಯಾನಿಕ್ಕು ತುಮಕೂರಿನಲ್ಲಿ ಒಬ್ಬನೇ. ಗೋವಿಂದರಾಜು ಕಣ್ಣು ಮುಚ್ಚಿದ. ಚೇಂಬರಿನ ತಳದಲ್ಲಿ ಉಳಿದಿದ್ದ ಎಣ್ಣೆ ಓರೆಯಾಗಿ ಹರಿದು ಅವನ ಅಂಗಿಯೊಳಕ್ಕೆ ಇಳಿಯುತ್ತಿತ್ತು. ಅವನು ತಡೆಯಲಿಲ್ಲ.

ಕೆಲಸ ಕಲಿಸಿದ ಉಸ್ತಾದ್ ಹೇಳುತ್ತಿದ್ದರು, “ಪೇಸ್ಟು ಕಾಡಿಗೆ ಹಚ್ಚಿದಂಗ್ ಹಚ್ಬೇಕು ಬೇಟಾ, ಸುಣ್ಣ ಬಳಿದಂಗಲ್ಲ.” ಇಷ್ಟು ವರ್ಷ ಅವನು ಕಾಡಿಗೆಯ ಹಾಗೆಯೇ ಹಚ್ಚುತ್ತಿದ್ದವನು. ಹೋದ ವರ್ಷ ಭಾನುಪ್ರಕಾಶ್ ಮನೆಗೆ ಕರೆಸಿದ್ದರು. ಕಾರು ನಿಲ್ಲಿಸುವ ಜಾಗಕ್ಕೆ ಹೊಸ ಟೈಲ್ಸು ಹಾಕಿಸಿದ್ದರು. ಅದರ ಮೇಲೆ ಬೇಳೆ ಕಾಳಿನಷ್ಟು ಎಣ್ಣೆಯ ಕಲೆ. “ನೋಡಿ ಗೋವಿಂದರಾಜು ಅವರೇ, ನಮ್ಮಮ್ಮ ರಂಗೋಲಿ ಹಾಕೋ ಜಾಗ ಇದು.” ಅವರ ತಾಯಿ ರಂಗೋಲಿ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಯಾರೂ ಒರೆಸು ಎಂದು ಹೇಳಲಿಲ್ಲ. ಆದರೂ ಅವನು ಜೇಬಿನಿಂದ ಬನಿಯನ್ ಬಟ್ಟೆ ತೆಗೆದು, ಮೊಣಕಾಲೂರಿ, ಪೆಟ್ರೋಲಿನಲ್ಲಿ ಉಜ್ಜಿ ಉಜ್ಜಿ ಒರೆಸಿದ. ಒರೆಸುವಾಗ ಮೇಡಂ ಅಡುಗೆಮನೆಯ ಕಿಟಕಿಯಿಂದ ನೋಡಿ ತಲೆ ಒಳಗೆ ಎಳೆದುಕೊಂಡಿದ್ದನ್ನು ಕಂಡ. ಅದೇ ವಾರ ಚೇಂಬರು ಇಳಿಸಿ, ಇನ್ನು ಒಂದು ತೊಟ್ಟು ಬಿದ್ದರೆ ಕೇಳಿ ಎನ್ನುವ ಸಿಟ್ಟಿನಲ್ಲಿ ಬೆರಳಿನಷ್ಟು ದಪ್ಪ ಪೇಸ್ಟು ಬಳಿದು ಬಿಗಿದ. ಹೊರಗೆ ತೊಟ್ಟಿಕ್ಕುವುದು ನಿಂತಿತು. ಒಳಗೆ ಹಿಂಡಿಕೊಂಡು ಹೋದದ್ದು ಯಾರಿಗೆ ಕಾಣುತ್ತದೆ? ಅದು ಒಣಗಿ, ಎಣ್ಣೆಯ ಬಿಸಿಗೆ ಎಳೆ ಎಳೆಯಾಗಿ ಕಳಚಿ, ಒಂದೊಂದೇ ಬಂದು ಜಾಲರಿಗೆ ಕೂತಿದೆ. ಪಂಪು ಹೀರಲು ಎಣ್ಣೆ ಸಿಗದೆ ಒಣಗಿ ತಿರುಗಿದೆ. ಉಸ್ತಾದ್ ಇನ್ನೊಂದು ಮಾತನ್ನೂ ಹೇಳುತ್ತಿದ್ದರು, ಆಯಿಲ್ ಪಂಪು ಅಂದರೆ ಮನೆಯ ಸೊಸೆ, ದುಡಿಯುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಂತ ದಿನ ಎಲ್ಲರೂ ಬಂದು ಬೈಯುತ್ತಾರೆ. ಆಗ ಅವರೆಲ್ಲ ನಗುತ್ತಿದ್ದರು.

ಪಂಪನ್ನೂ ಬಿಚ್ಚಿದ. ಮುಂದಿನ ಬೆಲ್ಟು, ಪುಲ್ಲಿ, ಅದರ ಹಿಂದಿನ ಕವರು ಎಲ್ಲ ಕಳಚಿ ಹೊರತೆಗೆದಾಗ ಒಳಗಿನ ಹಲ್ಲುಚಕ್ರದ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರುಗಳಿದ್ದವು. ಇದನ್ನು ಇಡುವ ಹಾಗಿಲ್ಲ, ಹೊಸದೇ ಆಗಬೇಕು. ಎಣ್ಣೆ ತಪ್ಪಿದರೆ ಮೊದಲು ಸುಡುವ ಕ್ರ್ಯಾಂಕಿನ ಬೇರಿಂಗುಗಳು ಉಳಿದಿರುತ್ತವೆಂಬ ಆಸೆ ಅವನಿಗೆ ಇರಲಿಲ್ಲ. ಒಂದು ಕ್ಯಾಪು ಬಿಚ್ಚಿ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದ. ತೆಳುವಾದ ಗೆರೆಗಳಿದ್ದವು, ಅಷ್ಟೇ, ಲೋಹ ಎದ್ದಿರಲಿಲ್ಲ. ಇನ್ನೊಂದನ್ನು ನೋಡಿದ, ಅದೂ ಹಾಗೇ. ಇನ್ನು ಅರ್ಧ ಮೈಲಿ ಬಂದಿದ್ದರೆ ಎಂಜಿನ್ನು ಜಾಮಾಗಿ ಗುಜರಿಗೆ ಹಾಕಬೇಕಾಗುತ್ತಿತ್ತು. ಟಕಟಕ ಕೇಳಿದ ಗಳಿಗೆಯಲ್ಲೇ ಕೀ ತಿರುಗಿಸಿದ್ದಾರೆ. ಎಷ್ಟೋ ಡ್ರೈವರುಗಳು ಆ ಸದ್ದಿಗೆ ರೇಡಿಯೋ ಜೋರು ಮಾಡುತ್ತಾರೆ. ಭಲೇ ಮೇಡಂ, ಎಂದು ಒಬ್ಬನೇ ಗಟ್ಟಿಯಾಗಿ ಅಂದುಕೊಂಡ. ಅಂದುಕೊಂಡದ್ದು ಅಲ್ಲಿಗೇ ನಿಂತಿತು, ಮನಸ್ಸು ಮತ್ತೆ ತನ್ನ ಪೇಸ್ಟಿನ ಕಡೆಗೇ ಎಳೆಯಿತು.

ಮಧ್ಯಾಹ್ನ ಸುಧಾ ಊಟದ ಡಬ್ಬಿ ತಂದಳು. ಹೆಂಡತಿಯ ಮುಂದೆ ಮುಚ್ಚಿಟ್ಟು ಅವನಿಗೆ ಅಭ್ಯಾಸವಿಲ್ಲ. ಜಾಲರಿ ತೋರಿಸಿ, ಫೋನಿನ ವಿಷಯವನ್ನೂ ಹೇಳಿದ. ಅವಳು ಜಾಲರಿಯನ್ನು ಮೂಸಿ ನೋಡಿ ಕೆಳಗಿಟ್ಟಳು. “ಇದ್ನ ತೊಳ್ದಾಕ್ಬುಡಿ. ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಕೇಳ್ದೆ ಹೇಳೋಕೆ ಹೋಗಿ, ನಾಳಿಂದ ಗೋವಿಂದ ಪಂಪ್ ಕೆಡಿಸ್ತಾನಂತೆ ಅಂತ ಊರೆಲ್ಲ ಟಾಂ ಟಾಂ ಆದ್ರೆ?” “ಮೇಡಂ ಕಾರು ಹೋಯ್ತದೆ ಕಣೇ.” “ಹೋದ್ರೆ ಹೋಗ್ಲಿ. ನನ್ಗೆ ಇಲ್ಲಿವರ್ಗೂ ಸೈಕಲ್ಲೂ ಬರಲ್ಲ, ಸತ್ತೋದ್ನಾ?” ಅವಳ ಮಾತಿನಲ್ಲಿ ಮೇಡಮ್ಮಿನ ಮೇಲೆ ಸಿಟ್ಟಿತ್ತೋ ಅವನ ಮೇಲೋ ತಿಳಿಯಲಿಲ್ಲ. ಅನ್ನ ಕಲಸಿದ. ಬೆರಳ ಸಂದಿಯ ಎಣ್ಣೆ ಎಷ್ಟು ತೊಳೆದರೂ ಹೋಗಿರಲಿಲ್ಲ, ಅನ್ನಕ್ಕೂ ಅದೇ ವಾಸನೆ. ಅವಳು ಅವನ ತಟ್ಟೆಯನ್ನೇ ನೋಡುತ್ತಾ, “ಹೇಳೋದಿದ್ರೆ ಹೇಳಿ, ಇಲ್ದಿದ್ರೆ ಉಣ್ಣಿ. ಎರಡೂ ಇಲ್ದಂಗೆ ಕುಂತ್ಕಬೇಡಿ” ಅಂದು, ಡಬ್ಬಿ ಮುಚ್ಚಿಕೊಂಡು ಹೋದಳು.

ಹೊಸ ಪಂಪನ್ನು ಹಾಗೇ ಕೂರಿಸಿ ಸ್ಟಾರ್ಟ್ ಮಾಡುವ ಹಾಗಿಲ್ಲ. ಒಣ ಪಂಪು ಗಾಳಿಯನ್ನೇ ಹೀರುತ್ತಾ ಕೂರುತ್ತದೆ, ಎಣ್ಣೆ ಮೇಲೆ ಬರುವಷ್ಟರಲ್ಲಿ ಎಲ್ಲ ಉಜ್ಜಿ ಹೋಗಿರುತ್ತದೆ. ಅವನು ಚಕ್ರಗಳ ಸಂದಿಗೆ ಎಣ್ಣೆ ತುಂಬಿ, ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ, ಗುಳ್ಳೆ ನಿಂತ ಮೇಲೆ ಕೂರಿಸಿದ. ಜಾಲರಿ ಹೊಸದು ಹಾಕಿದ. ಹಳೆಯದನ್ನು ತೊಳೆಯದೆ ಕಿಟಕಿಯ ಕಟ್ಟೆಯ ಮೇಲಿಟ್ಟ. ಚೇಂಬರಿನ ಅಂಚನ್ನು ಕೆರೆದು ಕೆರೆದು ಹೊಳೆಯುವ ಹಾಗೆ ಮಾಡಿ, ಈ ಸಲ ಕಾಡಿಗೆಯಂತೆ ತೆಳುವಾಗಿ ಎಳೆದ. ಕೆಲಸ ಮಾಡುವಷ್ಟು ಹೊತ್ತೂ ಬಾಯೊಳಗೆ ವಾಕ್ಯ ಕಟ್ಟುತ್ತಿದ್ದ. ಸಾರ್, ತಪ್ಪು ನನ್ನದು. ಇಲ್ಲ, ಅದು ತುಂಬ ದೊಡ್ಡದಾಯಿತು. ಸಾರ್, ಒಂದು ಮಾತು. ಇಲ್ಲ, ಸಾಲ ಕೇಳುವವನ ಹಾಗಾಯಿತು. ಸಾರ್, ನಾನೇ ಜಾಸ್ತಿ ಪೇಸ್ಟು ಹಾಕಿಬಿಟ್ಟಿದ್ದೆ, ನಿಮ್ಮ ಟೈಲ್ಸು ಹಾಳಾಗಬಾರದು ಅಂತ. ಇದರಲ್ಲಿ ಚುಚ್ಚು ಇದೆ, ಬೇಡ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದಾದರೆ ಸುಮ್ಮನೆ ಇರುವುದೇ ವಾಸಿ. ಸಂಜೆಯ ಹೊತ್ತಿಗೆ ಬೆಲ್ಟು, ಕವರು ಎಲ್ಲ ಬಿಗಿದಾಗಿತ್ತು. ಪೆಟ್ರೋಲಿನ ಫ್ಯೂಸು ಕಿತ್ತು, ಎಂಜಿನ್ನು ಹತ್ತಿಕೊಳ್ಳದ ಹಾಗೆ ಮಾಡಿ, ಬಿಟ್ಟು ಬಿಟ್ಟು ಕೀ ತಿರುಗಿಸಿದ. ಕೆಂಪು ದೀಪ ಉರಿಯುತ್ತಲೇ ಇತ್ತು. ಇನ್ನೊಮ್ಮೆ. ಆರಿತು. ಫ್ಯೂಸು ಹಾಕಿ ಸ್ಟಾರ್ಟ್ ಮಾಡಿದ. ಎಂಜಿನ್ನು ಗುನುಗುವ ಹಾಗೆ ಸಣ್ಣಗೆ ಓಡಿತು. ಇಂಥ ಗಳಿಗೆಯಲ್ಲಿ ಅವನಿಗೆ ಒಂದು ಬೀಡಿ ಸೇದುವಷ್ಟಾದರೂ ಸಂತೋಷವಾಗುವುದುಂಟು. ಇವತ್ತು ಸುಸ್ತು ಮಾತ್ರ ಆಯಿತು.

ಬೆಳಕು ಇನ್ನೂ ಇರುವಾಗಲೇ ಸ್ಕೂಟರು ಬಂತು. ಭಾನುಪ್ರಕಾಶ್ ಹೆಲ್ಮೆಟ್ಟು ತೆಗೆದು ತಲೆಗೂದಲು ಸರಿಮಾಡಿಕೊಂಡರು. ಸ್ವರ್ಣಲತಾ ಮೇಡಂ ಹಿಂದಿನಿಂದ ಇಳಿದು, ಸ್ಕೂಲಿನ ಚೀಲವನ್ನು ಎದೆಗೆ ಹಿಡಿದುಕೊಂಡು, ಕಾರಿನಿಂದ ಸ್ವಲ್ಪ ದೂರದಲ್ಲೇ ನಿಂತರು. ಓಡುತ್ತಿದ್ದ ಎಂಜಿನ್ನಿನ ಕಡೆ ಅವರ ಕಿವಿ ಇದ್ದದ್ದು ಗೋವಿಂದರಾಜುವಿಗೆ ಗೊತ್ತಾಯಿತು. “ಓಹ್, ರೆಡೀನೇ ಮಾಡ್ಬಿಟ್ಟಿದೀರಲ್ಲ! ಭಾನುವಾರ ಕುಣಿಗಲ್‌ನವರು ನೋಡೋಕ್ ಬರ್ತಾರೆ. ನಾನು ಹೇಳ್ದೆ ಅವರಿಗೆ, ಗಾಡಿ ಒಳ್ಳೇದು, ಓಡಿಸೋರು ಸರಿ ಇರ್ಲಿಲ್ಲ ಅಂತ. ಗೋವಿಂದರಾಜು ಅವರೇ ಹೂಂ ಅಂದ್ರು ಅಂತಾನೂ ಹೇಳ್ದೆ” ಎಂದು ನಕ್ಕರು. ಎಂಜಿನ್ನು ಆಫ್ ಮಾಡಿದ ಗೋವಿಂದರಾಜು ಕಿಟಕಿಯ ಕಟ್ಟೆಗೆ ಹೋಗಿ ಜಾಲರಿಯನ್ನು ಅಂಗೈಯಲ್ಲಿಟ್ಟುಕೊಂಡು ಬಂದ. ಕಟ್ಟಿಟ್ಟ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. “ಸಾರ್, ಇದು ಪೇಸ್ಟು. ನಾನು ಹಚ್ಚಿದ್ದು. ಜಾಸ್ತಿ ಆಗಿ ಒಳಗಡೆ ಬಿದ್ದು ಕಟ್ಕೊಂಡಿದೆ. ಅದಕ್ಕೇ ಪಂಪ್ ಹೋಗಿದ್ದು. ಮೇಡಂ ತಪ್ಪಿಲ್ಲ ಸಾರ್, ನಂದೇ ತಪ್ಪು.” ಭಾನುಪ್ರಕಾಶ್ ಜಾಲರಿಯನ್ನು ನೋಡಿದರು, ಮುಟ್ಟಲಿಲ್ಲ. ಆಮೇಲೆ ಗೋವಿಂದರಾಜುವಿನ ಮುಖ ನೋಡಿ, ಹೆಗಲ ಮೇಲೆ ಕೈಯಿಟ್ಟು, “ಎಂಥಾ ದೊಡ್ಡ ಮನುಷ್ಯರ್ರೀ ನೀವು. ಇವಳನ್ನ ಬಚಾವ್ ಮಾಡೋಕೆ ನಿಮ್ ಹೆಸರನ್ನ ಯಾಕ್ ಕೆಡಿಸ್ಕೊತೀರಾ? ಲೈಟ್ ಉರೀತಿದ್ರೂ ಓಡ್ಸಿರೋದು ಇವಳೇ ತಾನೇ? ಅದಕ್ಕೂ ನೀವೇ ಪೇಸ್ಟ್ ಹಚ್ಚಿದ್ರಾ?” ಅಂದರು. ತಮ್ಮ ಮಾತಿಗೆ ತಾವೇ ನಕ್ಕರು. ಆ ನಗುವಿಗೆ ಉತ್ತರವಿತ್ತು, ಅದು ಗೋವಿಂದರಾಜುವಿನ ನಾಲಿಗೆಯ ತುದಿಯಲ್ಲೇ ಇತ್ತು: ಓಡಿಸಿ ಅಂದವನೂ ನಾನೇ ಸಾರ್. ಮೇಡಂ ಕಡೆ ನೋಡಿದ. ಅವರು ತಲೆಯನ್ನು ಕಂಡೂ ಕಾಣದಷ್ಟು ಅಲ್ಲಾಡಿಸಿದರು. ಬೇಡ. ಅವನು ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಫೋನು ಬಂದು ಭಾನುಪ್ರಕಾಶ್ “ಹಾಂ, ಕುಣಿಗಲ್‌ನವರೇ, ಹೇಳಿ ಹೇಳಿ” ಎನ್ನುತ್ತಾ ರಸ್ತೆಯ ಅಂಚಿಗೆ ಹೋದರು.

ಜಾಲರಿ ಅಂಗೈಯಲ್ಲೇ ಇತ್ತು. ಎಲ್ಲಿಡಬೇಕು ತಿಳಿಯಲಿಲ್ಲ. ಹೇಳಿದೆ, ನಂಬಲಿಲ್ಲ, ಇನ್ನು ನನ್ನ ಕೈಯಲ್ಲೇನಿದೆ ಎಂದು ಒಳಗೊಳಗೇ ಒಂದು ತರಹದ ಹಗುರವೂ ಆಗುತ್ತಿತ್ತು. ಆ ಹಗುರಕ್ಕೆ ನಾಚಿಕೆಯೂ ಆಗುತ್ತಿತ್ತು. ಮೇಡಂ ಹತ್ತಿರ ಬಂದರು. ಬಾನೆಟ್ಟಿನ ಮೇಲೆ ಕೈಯಿಟ್ಟು, ಬಿಸಿಗೆ ತೆಗೆದುಕೊಂಡರು.

“ಪೇಸ್ಟಿನ ವಿಷ್ಯ ಯಾಕ್ ಹೇಳಿದ್ರಿ ಗೋವಿಂದಣ್ಣ?”

“ಹೇಳ್ದೆ ಇರೋಕಾಗ್ಲಿಲ್ಲ ಮೇಡಂ. ಬೆಳಿಗ್ಗೆಯಿಂದ ಊಟ ಸೇರ್ತಿಲ್ಲ.”

“ಹೆಗ್ಗೆರೇಲಿ ಸದ್ದು ಬಂದ ತಕ್ಷಣ ಆಫ್ ಮಾಡ್ದೆ. ಅದು ಸರಿ ತಾನೇ?”

“ಸರೀನೇ ಮೇಡಂ! ನೀವ್ ಆಫ್ ಮಾಡಿದ್ದಕ್ಕೇ ಬೇರಿಂಗ್ ಉಳೀತು. ಇನ್ನೊಂಚೂರ್ ಬಂದಿದ್ರೆ ಎಂಜಿನ್ನೇ ಇರ್ತಿರ್ಲಿಲ್ಲ. ಎಂಥೆಂಥ ಡ್ರೈವರ್‌ಗಳಿಗೂ ಆ ಬುದ್ಧಿ ಬರಲ್ಲ.”

ಮೇಡಮ್ಮಿನ ಮುಖದಲ್ಲಿ ಸಿಟ್ಟಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲಿನ ದಣಿವು ಮಾತ್ರ ಇತ್ತು. “ಅದನ್ನ ಅವರ ಮುಂದೆ ಹೇಳ್ಬೇಕಿತ್ತು ನೀವು” ಅಂದರು. “ಅದಕ್ಕೆ ಫೋನಿನ ವಿಷ್ಯ ಬೇಕಿರ್ಲಿಲ್ಲ, ಪೇಸ್ಟೂ ಬೇಕಿರ್ಲಿಲ್ಲ. ನಿಮ್ಮ ತಪ್ಪನ್ನ ನಾನು ಕೇಳಿರ್ಲಿಲ್ಲ ಗೋವಿಂದಣ್ಣ. ನಂದು ಸರಿ ಇತ್ತು ಅಂತ ಯಾರಾದ್ರೂ ಒಬ್ರು ಹೇಳ್ತಾರೇನೋ ಅಂತ ಬಂದೆ.”

ಬೆಳಿಗ್ಗೆಯಿಂದ ಅವನು ಕಟ್ಟಿದ ಅಷ್ಟೂ ವಾಕ್ಯಗಳು ‘ನಾನು’ ಎಂಬುದರ ಸುತ್ತಲೇ ಇದ್ದವು. ನಾನು ಬರಹೇಳಿದೆ, ನಾನು ಹಚ್ಚಿದೆ, ನಾನು ಹೂಂ ಅಂದೆ. ತಪ್ಪು ಮಾಡಿದವನು ತಾನು, ಸಂಕಟಪಟ್ಟವನು ತಾನು, ಒಪ್ಪಿಕೊಂಡು ದೊಡ್ಡವನಾಗಲು ಹೊರಟವನೂ ತಾನು. ಬೇರಿಂಗನ್ನು ಬೆಳಕಿಗೆ ಹಿಡಿದು ನೋಡಿ ಭಲೇ ಎಂದದ್ದು ನಿಜ, ಆದರೆ ಆ ಭಲೇ ಬೀಳಬೇಕಾಗಿದ್ದ ಕಿವಿಗೆ ಬೀಳದೆ ಕಾರಿನ ಕೆಳಗೇ ಉಳಿದಿತ್ತು. ಅಮೃತೂರಿನ ಪಂಕ್ತಿಯಲ್ಲಿ ಅಷ್ಟು ಜನರಿಗೆ ಕೇಳಿಸುವ ಹಾಗೆ ಆಡಲು ಬಂದ ಗಂಟಲು ಇಲ್ಲಿ ಒಬ್ಬರ ಮುಂದೆ ಎರಡು ಮಾತು ಆಡಲಿಲ್ಲ. ಭಾನುಪ್ರಕಾಶ್ ಫೋನು ಮುಗಿಸಿ ಬಂದು, “ಬಾ, ಹೊತ್ತಾಯ್ತು” ಎಂದು ಹೆಂಡತಿಯನ್ನು ಕರೆದು, ಹೆಲ್ಮೆಟ್ಟು ಹಾಕಿಕೊಂಡು ಸ್ಕೂಟರು ಸ್ಟಾರ್ಟ್ ಮಾಡಿದರು. ಮೇಡಂ ಹಿಂದೆ ಓರೆಯಾಗಿ ಕೂತು, ಸೆರಗು ಚಕ್ರಕ್ಕೆ ಸಿಕ್ಕದ ಹಾಗೆ ಮಡಿಲಿಗೆ ಎಳೆದುಕೊಂಡರು.

“ಸಾರ್!” ಎಂದು ಗೋವಿಂದರಾಜು ಓಡಿದ. ಸ್ಕೂಟರು ಆಗಲೇ ಇಳಿಜಾರಿನಲ್ಲಿತ್ತು. “ಸಾರ್, ಮೇಡಂ ಆಫ್ ಮಾಡಿದ್ದಕ್ಕೇ ಎಂಜಿನ್ ಉಳೀತು ಸಾರ್! ಮೇಡಂ ಓಡಿಸಿದ್ದು ಸರಿಯಾಗೇ ಇತ್ತು!”

ಭಾನುಪ್ರಕಾಶ್ ಹೆಲ್ಮೆಟ್ಟಿನೊಳಗಿಂದ ಅರ್ಧ ತಿರುಗಿ, “ಹೂಂ ಹೂಂ, ಭಾನುವಾರ ಬೆಳಿಗ್ಗೆ, ಮರೀಬೇಡಿ” ಎಂದು ಕೈಯೆತ್ತಿದರು. ಸ್ಕೂಟರು ಗುಬ್ಬಿ ರಸ್ತೆಯ ಬಸ್ಸು ಲಾರಿಗಳ ನಡುವೆ ಸೇರಿಕೊಂಡಿತು. ಹಿಂದೆ ಕೂತಿದ್ದ ಮೇಡಂ ತಲೆಯ ಮೇಲೆ ಹೆಲ್ಮೆಟ್ಟು ಇರಲಿಲ್ಲ. ಅವರಿಗೆ ಕೇಳಿಸಿತ್ತು. ಅವರು ತಿರುಗಿ ನೋಡಲಿಲ್ಲ.